ಲೆಕ್ಕಕ್ಕೆ ಸಿಗದ ಪಿಪೆಟ್

ಎಂಎಸ್ಸಿ ರಸಾಯನಶಾಸ್ತ್ರದ ಕೊನೆಯ ಕ್ಲಾಸಿನಲ್ಲಿ ಏನೋ ಆಗುತ್ತದೆ ಎಂದು ಕಾದು ಕುಳಿತಿದ್ದೆವು. 1998ರ ಏಪ್ರಿಲ್. ಮಂಗಳೂರು ವಿಶ್ವವಿದ್ಯಾನಿಲಯ ಇರುವ ಕೊಣಾಜೆ ಗುಡ್ಡದ ಮೇಲೆ ಸೆಕೆ ಎಂದರೆ ಸೆಕೆ. ಸರ್ ಎಂದಿನಂತೆ ಹಾಜರಿ ಕರೆದರು. ಬೋರ್ಡಿನ ಮೇಲೆ, ಅಣುವಿನ ರಚನೆ ತಿಳಿಯಲು ಬಳಸುವ ಒಂದು ಎನ್‌ಎಂಆರ್ ಚಿತ್ರ ಬರೆದು, ಇದು ಯಾವ ಸಂಯುಕ್ತ ಹೇಳಿ ಎಂದರು. ಮೂರು ಗೆರೆಯದೊಂದು ಗುಂಪು, ನಾಲ್ಕು ಗೆರೆಯದೊಂದು ಗುಂಪು. ಈಥೈಲ್ ಇದೆ ಎಂದು ಹಿಂದಿನ ಬೆಂಚಿಗೂ ಹೊಳೆಯುವಷ್ಟು ಸುಲಭ. ಬಹುಶಃ ಬೇಕೆಂದೇ ಸುಲಭದ್ದು ಕೊಟ್ಟಿದ್ದರು. ಆಮೇಲೆ ತಾವೇ ಬೋರ್ಡ್ ಒರೆಸಿ, "ಹಾಲ್ ಟಿಕೆಟ್ ಮರೀಬೇಡಿ" ಎಂದು ಹೊರಟುಹೋದರು. ಭಾಷಣ ಇಲ್ಲ, ಹಾರೈಕೆ ಇಲ್ಲ. ನಾವು ಸ್ವಲ್ಪ ಹೊತ್ತು ಸುಮ್ನೆ ಕುಳಿತೆವು, ವಾಪಸ್ ಬರಬಹುದೇನೋ ಎಂದು. ಬರಲಿಲ್ಲ.

ನಿಜವಾದ ಕೊನೆಯ ಕ್ಲಾಸು ಲ್ಯಾಬಿನಲ್ಲಿತ್ತು. ಅದನ್ನು ತೆಗೆದುಕೊಂಡವರು ಅಟೆಂಡರ್ ಅಣ್ಣ.

'ನೋ ಡ್ಯೂ', ಅಂದರೆ ಬಾಕಿ ಏನೂ ಇಲ್ಲ ಎಂಬ ಸಹಿ ಬೇಕಾದರೆ ಎರಡು ವರ್ಷ ಬಳಸಿದ ಗಾಜಿನ ಸಾಮಾನೆಲ್ಲ ತೊಳೆದು, ಎಣಿಸಿ ಒಪ್ಪಿಸಬೇಕು. ಅಣ್ಣ ಹಳಬರು. ಮಂಗಳೂರು ವಿಶ್ವವಿದ್ಯಾನಿಲಯ ಆದದ್ದು 1980ರಲ್ಲಿ. ಅದಕ್ಕೆ ಮೊದಲು, 1968ರಿಂದ, ಇಲ್ಲಿದ್ದದ್ದು ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರ. "ನಾನು ಮೈಸೂರಿನವರ ಕಾಲದಿಂದ ಎಣಿಸ್ತಾ ಇದ್ದೇನೆ" ಎನ್ನುವುದು ಅವರ ಹೆಮ್ಮೆ. ಬ್ಯುರೆಟ್, ಅಂದರೆ ತುದಿಗೆ ನಲ್ಲಿಯಿರುವ ಅಳತೆಯ ಗಾಜಿನ ಕೊಳವೆ, ಕೈಗೆ ತೆಗೆದುಕೊಂಡರೆ ಮೊದಲು ಬೆಳಕಿಗೆ ಹಿಡಿಯುವರು, ಆಮೇಲೆ ನಲ್ಲಿಯನ್ನು ಒಮ್ಮೆ ತಿರುಗಿಸಿ ನೋಡುವರು. ಒಳಗೆ ಒಂದು ಹನಿ ಅಂಟಿಕೊಂಡಿದ್ದರೂ ವಾಪಸ್. ಗಾಜು ಶುದ್ಧವಾಗಿದ್ದರೆ ನೀರು ಹನಿಯಾಗಿ ನಿಲ್ಲುವುದಿಲ್ಲ, ಒಂದೇ ಪದರವಾಗಿ ಜಾರಿಹೋಗುತ್ತದೆ. ಇದು ಪುಸ್ತಕದಲ್ಲೂ ಇತ್ತು. ನಾನು ಕಲಿತದ್ದು ಮಾತ್ರ ಅವರಿಂದ.

ನನ್ನ ಸರದಿ ಬಂತು. ಬೀಕರ್ ಸರಿ, ಸ್ಟ್ಯಾಂಡರ್ಡ್ ಫ್ಲಾಸ್ಕ್ ಸರಿ.

"ಪಿಪೆಟ್ಟ್ ಓಡೆಗ್ ಪೋಂಡು?"

ನಾನು ಘಟ್ಟದವ, ತೀರ್ಥಹಳ್ಳಿ ಕಡೆಯವನು. ಎರಡು ವರ್ಷದಲ್ಲಿ ಅಷ್ಟು ತುಳು ಅರ್ಥವಾಗುತ್ತಿತ್ತು. ಪಿಪೆಟ್, ದ್ರವ ಅಳೆದು ಹಾಕುವ ಆ ಗಾಜಿನ ಕೊಳವೆ, ಎಲ್ಲಿ ಹೋಯಿತು ಎಂಬುದೂ ಚೆನ್ನಾಗಿಯೇ ಗೊತ್ತಿತ್ತು. ಮೊದಲ ವರ್ಷ ಗಡಸು ನೀರಿನ ಟೈಟ್ರೇಶನ್ (ಹನಿಹನಿಯಾಗಿ ದ್ರಾವಣ ಬಿಟ್ಟು ಅಳೆಯುವ ಪ್ರಯೋಗ) ಮಾಡುವಾಗ, ನೀರಿನ ಕೆಂಪು ನೀಲಿಗೆ ತಿರುಗುವುದನ್ನೇ ನೋಡುತ್ತಾ ಮೊಣಕೈ ತಾಗಿಸಿ ಒಡೆದಿದ್ದೆ. ದಂಡದ ಹೆದರಿಕೆ. ಚೂರುಗಳನ್ನು ಕಾಗದದಲ್ಲಿ ಸುತ್ತಿ, ಕಟ್ಟಡದ ಹಿಂದಿನ ಗೇರುಮರದ ಬುಡದಲ್ಲಿ ಹೂತುಹಾಕಿದ್ದೆ. ಯಾರಿಗೂ ಹೇಳಿರಲಿಲ್ಲ.

ಸುಳ್ಳು ಹೇಳಲು ಬಾಯಿ ತೆರೆದೆ, ಆಗಲಿಲ್ಲ. "ಒಡೆಯಿತು ಅಣ್ಣ. ಹೋದ ವರ್ಷ" ಎಂದೆ.

ಅವರು ರಿಜಿಸ್ಟರ್ ತೆಗೆದರು. ಹೊಸದಾಗಿ ಬರೆಯುತ್ತಾರೆ ಎಂದುಕೊಂಡೆ. ಆದರೆ ಪುಟಗಳನ್ನು ಹಿಂದಕ್ಕೆ ತಿರುವುತ್ತಾ ಹೋದರು. ಒಂದು ಕಡೆ ಬೆರಳಿಟ್ಟು ತೋರಿಸಿದರು. ನನ್ನ ಹೆಸರು, ಅವತ್ತಿನದೇ ತಾರೀಖು, 'ಪಿಪೆಟ್ 1'.

"ಗಾಜು ಒಡೆದ ಶಬ್ದ ನನಗೆ ಕೇಳುವುದಿಲ್ವಾ ಮಾರಾಯ್ರೆ?" ಎಂದರು. "ನೀವು ಬಂದು ಹೇಳ್ತೀರಾ ಅಂತ ಕಾದೆ. ಸ್ವಲ್ಪ ತಡ ಆಯ್ತು, ಅಲ್ವಾ?"

ದುಡ್ಡು ಡಿಪಾಸಿಟ್‌ನಲ್ಲಿ ಕಳೆಯುತ್ತಾರಂತೆ. ಶಿಕ್ಷೆ ಮಾತ್ರ ಅಲ್ಲೇ ಆಯಿತು: ಕಿಪ್ಸ್ ಉಪಕರಣ ತೊಳೆಯುವುದು. ಲವಣ ಪರೀಕ್ಷೆಗೆ ಬೇಕಾದ ಹೈಡ್ರೋಜನ್ ಸಲ್ಫೈಡ್ ಬರುವುದು ಅದರಿಂದ. ಕಬ್ಬಿಣದ ಸಲ್ಫೈಡಿನ ತುಂಡುಗಳ ಮೇಲೆ ಆಮ್ಲ ಬಿದ್ದರೆ ಸಾಕು, ಕೊಳೆತ ಮೊಟ್ಟೆಯ ವಾಸನೆ. ಅದು ಬಟ್ಟೆಗೆ, ಕೂದಲಿಗೆ, ಬುತ್ತಿ ಡಬ್ಬಿಗೂ ಹತ್ತುತ್ತದೆ. ನಮ್ಮ ಕ್ಲಾಸಿನ ಹುಡುಗಿಯರ ಬೆಳ್ಳಿ ಗೆಜ್ಜೆ ಕಪ್ಪಾಗಿ, ಮನೆಯಲ್ಲಿ ಬೈಸಿಕೊಂಡು, ಹಲ್ಲುಪುಡಿ ಹಾಕಿ ಉಜ್ಜಿಕೊಂಡು ಬರುತ್ತಿದ್ದರು. ನಾನೊಬ್ಬನೇ ತೊಳೆಯಬೇಕಿತ್ತು. ಯಾಕೋ ಐದಾರು ಜನ ಬಂದು ಕೈ ಹಾಕಿದರು. ಆ ಲ್ಯಾಬಿಗೆ ಅಷ್ಟು ಬೈದಿದ್ದ ನಾವು ಅವತ್ತು ಬೇಕೆಂದೇ ನಿಧಾನವಾಗಿ ತೊಳೆದೆವು.

ಸಹಿ ಸಿಕ್ಕಾಗ ಸಂಜೆಯಾಗಿತ್ತು. ಕ್ಯಾಂಟೀನಿನಲ್ಲಿ ಗೋಳಿಬಜೆ ಮುಗಿದಿತ್ತು. ಬರೀ ಚಹಾ ಕುಡಿದು ಬಸ್ಸಿಗೆ ಓಡಿದೆವು.

ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿಗೆ ಹೋಗುವ ಅದೇ ಖಾಸಗಿ ಬಸ್ಸು. ಅಸೈಗೋಳಿ, ದೇರಳಕಟ್ಟೆ ದಾಟಿ ನಾನು ತೊಕ್ಕೊಟ್ಟಿನಲ್ಲಿ ಇಳಿಯಬೇಕು. ರೂಮು ಅಲ್ಲಿತ್ತು. ಆ ಬಸ್ಸಿನ ಕಂಡಕ್ಟರ್ ನಮಗೆ ಇಟ್ಟಿದ್ದ ಹೆಸರು 'ತೆತ್ತಿ ಪಾರ್ಟಿ'. ತುಳುವಿನಲ್ಲಿ ತೆತ್ತಿ ಎಂದರೆ ಮೊಟ್ಟೆ. ಪ್ರಾಕ್ಟಿಕಲ್ ಇದ್ದ ದಿನ ನಾವು ಹತ್ತಿದರೆ ಮುಂದಿನ ಸೀಟಿನ ಹೆಂಗಸರು ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತಿದ್ದರು. ಮೊದಮೊದಲು ನನಗೆ ಅವಮಾನವಾಗುತ್ತಿತ್ತು. ಆಮೇಲೆ, ಹೇಳಬಾರದು, ಸೀಟು ಬೇಗ ಖಾಲಿಯಾಗುತ್ತದೆ ಎಂದು ಖುಷಿಯೇ ಆಗುತ್ತಿತ್ತು.

ಇವತ್ತು ನಮ್ಮ ಕೊನೆಯ ದಿನ ಎಂದು ಅವನಿಗೆ ಹೇಳಬೇಕು ಎಂದುಕೊಂಡೇ ಮೆಟ್ಟಿಲು ಹತ್ತಿದೆ. ಅವನು ಮೂಗು ಅರಳಿಸಿದ. ನಮ್ಮನ್ನು ನೋಡಿದ.

"ತೆತ್ತಿ ಪಾರ್ಟಿ, ಪಿರ ಪೋಲೆ, ಪಿರ ಪೋಲೆ!"

ನಾವು ಹಿಂದಕ್ಕೆ ಹೋದೆವು. ಅವನು ಬಸ್ಸಿನ ತಗಡಿಗೆ ಎರಡು ಸಲ ಬಡಿದು, "ರೈಟ್, ಪೋಯಿ" ಎಂದ.