ಕೆಫಲೊಸ್: ಗುಡ್ಡದ ಮೇಲೊಂದು ಊರು, ಕೆಳಗೊಂದು ಕಡಲತೀರ

ಗ್ರೀಸಿನ ಕೋಸ್ ದ್ವೀಪಕ್ಕೆ ಹೋಗುವವರಲ್ಲಿ ಅನೇಕರು ಪೂರ್ವ ತುದಿಯ ಕೋಸ್ ಪಟ್ಟಣದಲ್ಲಿಯೇ ಉಳಿದು, ಪ್ರಾಚೀನ ಗ್ರೀಕ್ ವೈದ್ಯ ಹಿಪೊಕ್ರೆಟಿಸ್ ಶಿಷ್ಯರಿಗೆ ಪಾಠ ಹೇಳಿದನೆಂದು ನಂಬಲಾದ ಹಳೆಯ ಮರವನ್ನು ನೋಡಿ ಹಿಂತಿರುಗುತ್ತಾರೆ. ಆ ಮರಕ್ಕೆ ಕೆಲವು ಶತಮಾನಗಳಷ್ಟೇ ವಯಸ್ಸಾಗಿದೆ ಎಂಬುದು ಹಾಗಿರಲಿ, ಹಿಪೊಕ್ರೆಟಿಸ್ ಹುಟ್ಟಿದ ಕ್ರಿ.ಪೂ. 460ರ ಸುಮಾರಿಗೆ ಆ ಪಟ್ಟಣವೇ ಇರಲಿಲ್ಲ. ದ್ವೀಪದ ಜನ ಅಲ್ಲಿ ಹೊಸ ರಾಜಧಾನಿ ಕಟ್ಟಿಕೊಂಡದ್ದು ಕ್ರಿ.ಪೂ. 366ರಲ್ಲಿ. ಅದಕ್ಕೂ ಮುಂಚಿನ ಮುಖ್ಯ ನಗರದ ಹೆಸರು ಅಸ್ತಿಪಾಲೆಯಾ ಎಂದೂ, ಒಳಜಗಳದಿಂದಾಗಿ ಜನ ಅದನ್ನು ಬಿಟ್ಟು ಬಂದರೆಂದೂ ಭೂಗೋಳಕಾರ ಸ್ಟ್ರಾಬೋ ಬರೆದಿದ್ದಾನೆ. ಆ ನಗರದ ಅವಶೇಷಗಳಿರುವುದು ಪಶ್ಚಿಮ ತುದಿಯ ಕೆಫಲೊಸ್ ಬಳಿ. ಆದ್ದರಿಂದ ಹಿಪೊಕ್ರೆಟಿಸನನ್ನು ನೆನೆಯಬೇಕೆನ್ನುವವರು ಸುಮಾರು ನಲವತ್ತು ಕಿಲೋಮೀಟರ್ ಪ್ರಯಾಣಿಸಿ ಇಲ್ಲಿಗೆ ಬರುವುದೇ ಹೆಚ್ಚು ಸರಿಯೆಂದು ನನ್ನ ಅನಿಸಿಕೆ.

ಕೆಫಲೊಸ್ ಗುಡ್ಡದ ನೆತ್ತಿಯ ಮೇಲಿರುವ ಸಣ್ಣ ಊರು. ಇಕ್ಕಟ್ಟಾದ ಓಣಿಗಳು, ಬಿಳಿ ಗೋಡೆಯ ಮನೆಗಳು, ಒಂದು ಹಳೆಯ ಗಾಳಿಗಿರಣಿ, ಕುಸಿದು ನಿಂತ ಕೋಟೆ, ಇಷ್ಟೇ. ಕಡಲ್ಗಳ್ಳರ ಭಯವಿದ್ದ ಕಾಲದಲ್ಲಿ ಏಜಿಯನ್ ದ್ವೀಪಗಳ ಜನ ತೀರದಿಂದ ದೂರ ಸರಿದು ಎತ್ತರದಲ್ಲಿ ನೆಲೆಸುವುದು ವಾಡಿಕೆಯಾಗಿತ್ತು. ಈಗಿನ ಸಂಪಾದನೆಯೆಲ್ಲ ಕೆಳಗಿನ ಕಮಾರಿ ತೀರದಿಂದ ಬರುತ್ತದೆ: ಹೋಟೆಲುಗಳು, ಊಟದ ಮನೆಗಳು, ಬಾಡಿಗೆಯ ಆರಾಮಕುರ್ಚಿಗಳು. ತೀರದ ಹೋಟೆಲುಗಳ ಸಾಲು ಯಾವುದೇ ಕಡಲತೀರದಲ್ಲಿ ಕಾಣುವಂಥದ್ದೇ ಆದ್ದರಿಂದ ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ.

ಆದರೆ ಕಮಾರಿಯ ಪಕ್ಕದ ಅಯಿಯೊಸ್ ಸ್ಟೆಫನೊಸ್ ತೀರದ ಮಾತೇ ಬೇರೆ. ಅಲ್ಲಿ ನೀರಿನಂಚಿಗೇ ಆರಂಭದ ಕ್ರೈಸ್ತ ಯುಗದ ಎರಡು ಚರ್ಚುಗಳ ಕಂಬಗಳೂ ಮೊಸಾಯಿಕ್ ನೆಲಗಳ ಉಳಿಕೆಗಳೂ ಇವೆ. ಇವುಗಳ ಉತ್ಖನನ ನಡೆದದ್ದು ದ್ವೀಪ ಇಟಲಿಯ ಆಡಳಿತದಲ್ಲಿದ್ದಾಗ. ಎದುರಿಗಿರುವ ಕಾಸ್ತ್ರಿ ಎಂಬ ಪುಟ್ಟ ನಡುಗಡ್ಡೆಯ ಮೇಲೆ ಸಂತ ನಿಕೊಲಸನ ಗುಡಿಯಿದ್ದು, ಈಜು ಬಲ್ಲವರು ಸುಲಭವಾಗಿ ಅಲ್ಲಿಗೆ ತಲುಪಬಹುದು. ಇನ್ನೂ ಪೂರ್ವಕ್ಕೆ ಸಾಗಿದರೆ ಸಿಗುವ ಪ್ಯಾರಡೈಸ್ ತೀರದಲ್ಲಿ, ಈ ಪ್ರದೇಶದ ಜ್ವಾಲಾಮುಖಿ ಚಟುವಟಿಕೆಯ ಫಲವಾಗಿ ಕಡಲತಳದಿಂದ ಅನಿಲ ಗುಳ್ಳೆಗುಳ್ಳೆಯಾಗಿ ಮೇಲೇಳುತ್ತಿರುತ್ತದೆ.

ಹಳೆಯ ನಗರದ ಅವಶೇಷಗಳು ಊರಿನ ದಕ್ಷಿಣಕ್ಕೆ, ಪಲಾತಿಯಾ ಎಂಬಲ್ಲಿವೆ. ಒಂದು ಸಣ್ಣ ರಂಗಮಂದಿರದ ಕಲ್ಲಿನ ಆಸನಗಳನ್ನು ಬಿಟ್ಟರೆ ಕಣ್ಣಿಗೆ ಬೀಳುವುದು ಅಲ್ಪ. ಆದರೂ ಒಂದೇ ದಿನದ ಬಿಡುವಿದ್ದವರು ಮೊದಲು ಇಲ್ಲಿಗೆ ಬಂದು, ಸಮಯ ಉಳಿದರೆ ಮಾತ್ರ ಪ್ಯಾರಡೈಸಿಗೆ ಹೋಗುವುದು ಒಳ್ಳೆಯದು.