ಕರ್ನಲ್ ಸಾಹೇಬರು ತಾವೇ ಯಾಕೆ ಹೋದರು?

ನಾನು ಬೆಳಗಾವಿಯ ಒಂದು ಹೈಸ್ಕೂಲಿನಲ್ಲಿ ಮಾಸ್ತರ. ಎನ್‌ಸಿಸಿಯೂ ನನ್ನದೇ ತಲೆಗೆ. ಪ್ರತಿ ವರ್ಷ ಜುಲೈ 31ರಂದು ಪರೇಡ್ ಮುಗಿದ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಕರ್ನಲ್ ವಸಂತ್ ವೇಣುಗೋಪಾಲ್ ಅವರ ಬಗ್ಗೆ ಹೇಳುತ್ತೇನೆ. ಬೆಂಗಳೂರಿನ ಮನೆತನ, 9 ಮರಾಠಾ ಲೈಟ್ ಇನ್‌ಫೆಂಟ್ರಿ ಅನ್ನುವ ಪಲ್ಟನ್ನಿನ ಕಮಾಂಡಿಂಗ್ ಆಫೀಸರ್, ಅಂದರೆ ಮುಖ್ಯಸ್ಥರು. 2007ರ ಅದೇ ದಿನ ಕಾಶ್ಮೀರದ ಉರಿ ಬಳಿ, ಗಡಿ ದಾಟಿ ನುಗ್ಗಿದ ಉಗ್ರರ ಜೊತೆ ಹೋರಾಡುತ್ತ ತೀರಿಕೊಂಡರು. ಆಗ ಅವರಿಗೆ ನಲವತ್ತು ವರ್ಷ.

ಹೇಳಿ ಮುಗಿಸುವಷ್ಟರಲ್ಲಿ ಒಂದು ಕೈ ಮೇಲೇಳುತ್ತದೆ. "ಸರ್, ಕರ್ನಲ್ ಸಾಹೇಬ್ರು ತಾವ ಯಾಕ ಹೋದ್ರೀ? ಸೈನಿಕರನ್ನ ಕಳಿಸಬಹುದಿತ್ತಲ್ರೀ?"

ಮಕ್ಕಳಷ್ಟೇ ಅಲ್ಲ, ಸ್ಟಾಫ್ ರೂಮಿನಲ್ಲೂ ಇದೇ ಪ್ರಶ್ನೆ. ಒಂದು ಪಲ್ಟನ್ ಅಂದರೆ ಸುಮಾರು 800 ಜನ. ಅವರೆಲ್ಲರ ಮೇಲಿನ ಅಧಿಕಾರಿ ಕಾಡಿಗೆ ಇಳಿಯುವುದು ಯಾಕೆ? ಒಳ್ಳೆಯ ಪ್ರಶ್ನೆಯೇ. "ದೇಶಭಕ್ತಿ" ಅಂತ ಒಂದು ಮಾತಿನಲ್ಲಿ ಮುಗಿಸಿದರೆ ಕೇಳಿದವರಿಗೆ ಮೋಸ.

ಮೊದಲು ಜಾಗ ನೋಡಿ. ಉರಿ ಝೀಲಂ ಕಣಿವೆಯಲ್ಲಿದೆ. ಕಡಿದಾದ ಗುಡ್ಡ, ದಟ್ಟ ಕಾಡು, ಹಳ್ಳ, ಬಂಡೆ. ಬೇಸಿಗೆಯಲ್ಲಿ ಹಿಮ ಕರಗಿದರೆ ನುಸುಳುಕೋರರಿಗೆ ದಾರಿ ತೆರೆದ ಹಾಗೆ. ಬೇಲಿ ದಾಟಿದವರು ಒಮ್ಮೆ ಊರು ಸೇರಿದರೆ ಹುಡುಕುವುದು ಬಹಳ ಕಷ್ಟ. ಹಾಗಾಗಿ ಸುಳಿವು ಸಿಕ್ಕ ಕೂಡಲೇ ಕಾಡಿನಲ್ಲೇ ಸುತ್ತುವರಿಯಬೇಕು. ಹಳ್ಳದ ಬಾಯಿ, ಗುಡ್ಡದ ಏಣು, ನದಿ ಕಡೆಯ ಇಳಿಜಾರು, ಎಲ್ಲೆಲ್ಲಿಂದ ತಪ್ಪಿಸಿಕೊಳ್ಳಬಹುದೋ ಅಲ್ಲೆಲ್ಲ ಸಣ್ಣ ಸಣ್ಣ ತಂಡಗಳನ್ನು ಕೂರಿಸುತ್ತಾರೆ. ಸೈನ್ಯದವರು ಇದಕ್ಕೆ "ಸ್ಟಾಪ್ ಹಾಕೋದು" ಅನ್ನುತ್ತಾರೆ. ಒಂದು ಸ್ಟಾಪ್ ಐವತ್ತು ಹೆಜ್ಜೆ ಆಚೀಚೆ ಆದರೂ ಸಾಕು, ಅವರು ಜಾರಿಬಿಡುತ್ತಾರೆ.

ಯಾವ ಸ್ಟಾಪ್ ಎಲ್ಲಿ ಅಂತ ದೂರದಲ್ಲಿ ನಕ್ಷೆ ಹರವಿಕೊಂಡು ಪೂರ್ತಿ ಹೇಳಲಾಗುವುದಿಲ್ಲ. ಕಾಡು ನಕ್ಷೆಯ ಹಾಗೆ ಇರುವುದಿಲ್ಲ. ಹೋಗಿ ನೋಡಬೇಕು. ಬಂಡೆ ಸಂದಿಯಲ್ಲಿ ಕೂತವನಿಗೆ ಬರುವವರು ಕಾಣುತ್ತಾರೆ, ಬರುವವರಿಗೆ ಅವನು ಕಾಣುವುದಿಲ್ಲ. ಮೊದಲ ಗುಂಡು ಯಾವಾಗಲೂ ಅವಿತವನದ್ದೇ. ಇಂಥ ಕಡೆ ಮುಂದೆ, ಹಿಂದೆ ಅನ್ನುವುದೇ ಇಲ್ಲ. ವಸಂತ್ ಅವರು ಉಗ್ರರ ದಾರಿಗಳನ್ನು ಮುಚ್ಚಿಸಿದರು. ಹತ್ತಿರದಿಂದಲೇ ಗುಂಡಿನ ಕಾಳಗ ಆಯಿತು. ಹಲವು ಗುಂಡು ತಗುಲಿದವು. ಆದರೂ ಹಿಂದೆ ಸರಿಯಲಿಲ್ಲ.

ಇನ್ನೊಂದು ಕಾರಣ ಜನರದ್ದು. ಜೂನ್ 1989ರಲ್ಲಿ ಅವರು ಅಧಿಕಾರಿಯಾಗಿ ಸೇರಿದ್ದೇ ಈ ಪಲ್ಟನ್ನಿಗೆ. ಕೊನೆಗೆ ಅದಕ್ಕೇ ಮುಖ್ಯಸ್ಥರಾದರು. ಹೊಸ ಹುಡುಗನಾಗಿ ಬಂದಾಗ ಜೊತೆಗಿದ್ದವರಲ್ಲಿ ಕೆಲವರಾದರೂ ಈಗ ಸುಬೇದಾರರು. ಅಂಥವರಿಗೆ "ನೀವು ಹೋಗಿ, ನಾನು ಇಲ್ಲಿರ್ತೀನಿ" ಅನ್ನಲು ಬಾಯಿ ಬರುತ್ತದೆಯೇ? ನನ್ನ ಹುಡುಗರು ಎಲ್ಲಿಗೆ ಹೋಗುತ್ತಾರೋ ಅಲ್ಲಿಗೆ ನಾನೂ ಹೋಗುತ್ತೇನೆ ಅಂತ ಅವರು ಮನೆಯಲ್ಲಿ ಹೇಳುತ್ತಿದ್ದರಂತೆ.

ಇದು ಅವರೊಬ್ಬರ ಸ್ವಭಾವವೂ ಅಲ್ಲ. ಕರ್ನಲ್ ಎಂ. ಎನ್. ರಾಯ್ ಅವರಿಗೆ 2015ರ ಗಣರಾಜ್ಯೋತ್ಸವಕ್ಕೆ ಯುದ್ಧ ಸೇವಾ ಪದಕ ಘೋಷಣೆಯಾಯಿತು, ಮರುದಿನವೇ ಕಾಶ್ಮೀರದ ತ್ರಾಲ್‌ನಲ್ಲಿ ಉಗ್ರರ ಜೊತೆ ಹೋರಾಡುತ್ತ ತೀರಿಕೊಂಡರು. ಅದೇ ವರ್ಷ ನವೆಂಬರ್‌ನಲ್ಲಿ ಕುಪ್ವಾರದ ಕಾಡಿನಲ್ಲಿ ಸಾತಾರಾದ ಕರ್ನಲ್ ಸಂತೋಷ್ ಮಹಾಡಿಕ್. 2020ರಲ್ಲಿ ಹಂದ್ವಾರದಲ್ಲಿ ಕರ್ನಲ್ ಆಶುತೋಷ್ ಶರ್ಮಾ. 2023ರಲ್ಲಿ ಕೋಕರ್‌ನಾಗ್‌ನಲ್ಲಿ ಕರ್ನಲ್ ಮನ್‌ಪ್ರೀತ್ ಸಿಂಗ್. ಇವರೆಲ್ಲರೂ ಕಮಾಂಡಿಂಗ್ ಆಫೀಸರ್‌ಗಳೇ.

ಇದು ಸರಿಯಾ? ಪಲ್ಟನ್ ನಡೆಸಬೇಕಾದವರೇ ಹೋದರೆ ನಷ್ಟ ಜಾಸ್ತಿ ಅಲ್ವಾ ಅಂತ ವಾದಿಸುವವರಿದ್ದಾರೆ. ಆ ವಾದ ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಆದರೆ ಮುಂದಾಳು ಹಿಂದೆ ಉಳಿಯುವ ಪಲ್ಟನ್ ಆ ಕಾಡಿನಲ್ಲಿ ಎಷ್ಟು ಹೊತ್ತು ನಿಂತೀತು? ನಾನು ವಸಂತ್ ಅವರ ಕಡೆಯೇ.

ಅವರಿಗೆ ಅಶೋಕ ಚಕ್ರ ಬಂತು. 26 ಜನವರಿ 2008ರಂದು ದೆಹಲಿಯಲ್ಲಿ ರಾಷ್ಟ್ರಪತಿ ಪ್ರತಿಭಾ ಪಾಟೀಲ್ ಅವರಿಂದ ಪತ್ನಿ ಸುಭಾಷಿಣಿ ವಸಂತ್ ಅದನ್ನು ಸ್ವೀಕರಿಸಿದರು. "ಪರಮವೀರ ಚಕ್ರ ಯಾಕಿಲ್ರೀ?" ಅಂತ ಮಕ್ಕಳು ಕೇಳುತ್ತಾರೆ. ಅದು ಯುದ್ಧದಲ್ಲಿ ಶತ್ರುವಿನ ಎದುರು ತೋರಿದ ಶೌರ್ಯಕ್ಕೆ. ಯುದ್ಧವಲ್ಲದ ಹೊತ್ತಿನಲ್ಲಿ ಅದಕ್ಕೆ ಸಮನಾದದ್ದು ಅಶೋಕ ಚಕ್ರ. ಇಷ್ಟೆಲ್ಲ ಗುಂಡು ಹಾರಿದರೂ ಲೆಕ್ಕದಲ್ಲಿ ಅದು ಶಾಂತಿಕಾಲ! ಸುಭಾಷಿಣಿ ಅವರು ಭರತನಾಟ್ಯ ಕಲಾವಿದೆ. ಆಮೇಲೆ ವಸಂತರತ್ನ ಫೌಂಡೇಶನ್ ಕಟ್ಟಿ, ಗಂಡನನ್ನು ಕಳೆದುಕೊಂಡ ಸೈನಿಕ ಕುಟುಂಬಗಳ ಹೆಂಗಸರ ಜೊತೆ ನಿಂತರು.

ಈಗ, ಯಾರೂ ಕೇಳದ ಪ್ರಶ್ನೆ. ಕಮಾಂಡಿಂಗ್ ಆಫೀಸರ್ ಒಬ್ಬರೇ ಹೋಗುವುದಿಲ್ಲ. ಬೆನ್ನಿಗೇ ರೇಡಿಯೋ ಆಪರೇಟರ್ ಇರುತ್ತಾನೆ. ಸಾಹೇಬರು ಎಲ್ಲಿಗೋ ಅವನೂ ಅಲ್ಲಿಗೆ. ಬೆನ್ನ ಮೇಲೆ ಸೆಟ್ಟು, ಜೊತೆಗೆ ಬಂದೂಕು. ಹೋಗಬೇಕೋ ಬೇಡವೋ ಅಂತ ಯೋಚಿಸುವ ಅವಕಾಶ ಅವನಿಗಿಲ್ಲ. ಆ ದಿನ ವಸಂತ್ ಅವರ ಜೊತೆ ಅವರ ರೇಡಿಯೋ ಆಪರೇಟರ್, ಲ್ಯಾನ್ಸ್ ನಾಯಕ್ ಶಶಿಕಾಂತ್ ಗಣಪತ್ ಬಚ್ಛಾವ್ ಕೂಡ ಪ್ರಾಣ ಕೊಟ್ಟರು. ಎಷ್ಟೋ ವರ್ಷ ನಾನೇ ಆ ಹೆಸರು ಹೇಳಿರಲಿಲ್ಲ.

ಹೋದ ವರ್ಷ ನಮ್ಮ ಎನ್‌ಸಿಸಿ ಕೋಣೆಯ ಬೋರ್ಡಿನಲ್ಲಿ ಆ ಹೆಸರನ್ನೂ ಬರೆಯಲು ಒಬ್ಬ ಹುಡುಗನಿಗೆ ಹೇಳಿದೆ. ಮೇಲೆ ಕರ್ನಲ್ ಸಾಹೇಬರ ಹೆಸರು ದೊಡ್ಡದಾಗಿ ಬರೆದು, ಪದಕದ ಚಿತ್ರವನ್ನೂ ಬಿಡಿಸಿಬಿಟ್ಟಿದ್ದ. ಕೆಳಗೆ ಜಾಗ ಸಾಲಲಿಲ್ಲ. ಬಚ್ಛಾವ್ ಅವರ ಹೆಸರು ಸಣ್ಣ ಅಕ್ಷರದಲ್ಲಿ, ಮೂಲೆಗೆ ಹೋಗಿದೆ. ಈ ಜುಲೈಗೆ ಬೋರ್ಡು ಪೂರ್ತಿ ಒರೆಸಿ ಹೊಸದಾಗಿ ಬರೆಸಬೇಕು.