ವಣಸ್ ಆಂಡಾ?

2025 ಆಗಸ್ಟ್ 11, ಸೋಮವಾರ
ಮಂಗಳೂರು, ರಾತ್ರಿ 10.40

ಮಧ್ಯಾಹ್ನದಿಂದ ಒಂದೇ ತುಳು ಶಬ್ದ ಕಿವಿಯಲ್ಲಿ ಕೂತಿದೆ. ಇಜ್ಜಿ.

ಮಳೆಗೆ ಕಸದ ಗಾಡಿ ಇವತ್ತು ಬಹಳ ತಡ. ಬರುವಾಗ ಒಂದೂವರೆ. ಬಕೆಟ್ ಹಿಡಿದುಕೊಂಡು ಕೆಳಗೆ ಹೋದವಳು ಬಾಯಿ ಅಭ್ಯಾಸಕ್ಕೆ "ವಣಸ್ ಆಂಡಾ?" ಅಂದೆ, ಊಟ ಆಯಿತಾ ಅಂತ. ನಮ್ಮಲ್ಲಿ ಅದು ಪ್ರಶ್ನೆಯೇ ಅಲ್ಲವಲ್ಲ. ಊಟ ಆಗಿರಲಿ, ಆಗದೆ ಇರಲಿ, "ಆಂಡ್" ಅಂತ ಹೇಳಿ ಮುಂದೆ ಹೋಗುವುದು. ಗಾಡಿಯಲ್ಲಿ ಕಸ ತೆಗೆಯಲು ಬರುವವಳು ಮೂರು ವರ್ಷದಿಂದ "ಆಂಡ್ ಅಕ್ಕ" ಅಂತಲೇ ಹೇಳುತ್ತಿದ್ದವಳು. ಇವತ್ತು ಬಕೆಟ್ ತೆಗೆದುಕೊಳ್ಳುತ್ತಾ, ನನ್ನ ಮುಖ ನೋಡದೆ, "ಇಜ್ಜಿ" ಅಂದಳು, ಇಲ್ಲ ಅಂತ. ಸ್ವಲ್ಪ ತಡೆದು, ನಿನ್ನೆ ರಾತ್ರಿಯದ್ದೂ ಆಗಲಿಲ್ಲ ಅಂದಳು.

ನನಗೆ ಮೊದಲು ನೆನಪಾದದ್ದು ಫ್ರಿಜ್ಜು. ನಿನ್ನೆ ಕೆಳಗಿನ ಹಾಲ್‌ನಲ್ಲಿ ನಮ್ಮ ಅಸೋಸಿಯೇಷನ್ನಿನ ‘ಆಟಿಡೊಂಜಿ ದಿನ’ ಇತ್ತಲ್ಲ, ತುಳುವರ ಮಳೆಗಾಲದ ಆಟಿ ತಿಂಗಳ ಅಡುಗೆಗಳ ಕಾರ್ಯಕ್ರಮ. ಪತ್ರೊಡೆ, ಕಣಿಲೆ (ಎಳೆ ಬಿದಿರು) ಗಸಿ, ತಜಂಕ್ ಸೊಪ್ಪಿನ ಪಲ್ಯ, ಹಲಸಿನ ಬೀಜದ ಚಟ್ನಿ. ಎಷ್ಟು ಉಳಿಯಿತೆಂದರೆ ಪ್ರತಿ ಮನೆಗೂ ಡಬ್ಬಿ ಕಟ್ಟಿ ಕಳುಹಿಸಿದರು. ಓಡಿ ಹೋಗಿ ಎರಡು ಡಬ್ಬಿ ತಂದೆ.

"ಉಳಿದದ್ದಾ ಅಕ್ಕ?"

ಹೌದು, ಆದರೆ ಹಾಳಾಗಲಿಲ್ಲ, ಫ್ರಿಜ್ಜಿನಲ್ಲೇ ಇತ್ತು ಅಂದೆ.

"ಹಾಳಾದದ್ದು ಅಂತ ಅಲ್ಲ. ಉಳಿದದ್ದು ನಾವು ತಿನ್ನುದಿಲ್ಲ. ನಮ್ಮ ಅಮ್ಮ ಹೇಳಿ ಹೋದದ್ದು ಅದು ಒಂದೇ."

ಡಬ್ಬಿ ಕೈಯಲ್ಲಿ ಹಿಡಿದುಕೊಂಡು ನಿಂತೇ ಇದ್ದೆ. ಅವಳು ನಮ್ಮ ಕರಾವಳಿಯ ಕೊರಗ ಬುಡಕಟ್ಟಿನವಳು ಅಂತ ನನಗೆ ಗೊತ್ತಿಲ್ಲದ್ದೇನಲ್ಲ. ಅಜಲು ಅಂದರೆ ಏನು ಅಂತಲೂ ಗೊತ್ತು. ಬಸುರಿಯ ದೋಷ, ಕಾಯಿಲೆಯವರ ದೋಷ ಕಳೆಯಬೇಕೆಂದು ಅನ್ನದಲ್ಲಿ ಕೂದಲು, ಉಗುರು ಬೆರೆಸಿ ಈ ಜನರಿಗೆ ತಿನ್ನಿಸಿದ ಊರು ನಮ್ಮದು. ಅದನ್ನು ನಿಷೇಧಿಸುವ ಕಾಯ್ದೆ ಬಂದದ್ದು 2000ದಲ್ಲಿ. ಆಗ ನಾನು ಕಾಲೇಜಿನಲ್ಲಿದ್ದೆ, ಅಷ್ಟು ಹತ್ತಿರದ ಮಾತು. ಅಜ್ಜಿಮನೆಯ ಮದುವೆಗಳಲ್ಲಿ ಎಲೆ ಎಸೆಯುವ ಕಡೆ ಉಳಿದ ಅನ್ನಕ್ಕಾಗಿ ಬುಟ್ಟಿ ಹಿಡಿದು ನಿಂತವರನ್ನು ನಾನೇ ನೋಡಿದ್ದೇನೆ. ಬಾಲ್ಯದಲ್ಲಿ ಅದು ಚಪ್ಪರದ ಹಾಗೆ, ಓಲಗದ ಹಾಗೆ ಮದುವೆಯಲ್ಲಿ ಇರಲೇಬೇಕಾದದ್ದು ಅಂದುಕೊಂಡಿದ್ದೆ. ಇಷ್ಟೆಲ್ಲ ಗೊತ್ತಿದ್ದೂ ನನ್ನ ಕೈ ಮೊದಲು ಹೋದದ್ದು ಫ್ರಿಜ್ಜಿಗೆ.

ಮಳೆ ಜೋರಾಯಿತು. ಡ್ರೈವರ್ ಗಾಡಿ ಬದಿಗೆ ಹಾಕಿ ಚಾ ಕುಡಿಯಲು ಹೋದ. ಅವಳು ಮೆಟ್ಟಿಲ ಕೆಳಗೆ ಕೂತಳು, ನಾನೂ ಕೂತೆ. ಮೂರು ವರ್ಷದಲ್ಲಿ ಇಷ್ಟು ಹೊತ್ತು ಮಾತಾಡಿದ್ದು ಇದೇ ಮೊದಲು. ಎಲ್ಲ ತುಳುವಿನಲ್ಲೇ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ರೇಷನ್ ಬರುವುದಿಲ್ಲವಾ, ನಿಮಗೆ ಅಂತ್ಯೋದಯ ಕಾರ್ಡ್ ಇರಬೇಕಲ್ಲ ಅಂತ ಕೇಳಿದೆ. ಕೊರಗರಂಥ ಬುಡಕಟ್ಟುಗಳಿಗೆಲ್ಲ ಅಂತ್ಯೋದಯ ಕಾರ್ಡ್ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2003ರಲ್ಲೇ ಹೇಳಿದ್ದು. ಕಾರ್ಡ್ ಉಂಟು ಅಕ್ಕ, ಊರಿನಲ್ಲಿ ಉಂಟು ಅಂದಳು. ಕಾರ್ಕಳದ ಕಡೆಯ ಕಾಲೊನಿ. ಕಾರ್ಡಿನಲ್ಲಿ ಅಣ್ಣ, ಅತ್ತಿಗೆ, ಅವರ ಮೂವರು ಮಕ್ಕಳು, ಇವಳು, ಇವಳ ಇಬ್ಬರು ಮಕ್ಕಳು. ಒಂದೇ ಕಾರ್ಡ್. ಬರುವ ಅಕ್ಕಿ ಎಂಟು ಜನಕ್ಕೂ ಸೇರಿ. "ಅಣ್ಣನ ಮಕ್ಕಳ ಬಾಯಿಂದ ತೆಗೆದು ಇಲ್ಲಿಗೆ ತರುದು ಹೇಗೆ?" ಬುಡಕಟ್ಟಿನವರಿಗೆ ಅಂತ ಕೊಡುವ ಬೇಳೆ, ಎಣ್ಣೆ, ಮೊಟ್ಟೆ, ತುಪ್ಪ ಬರುವುದೂ ಆ ಕಾಲೊನಿಗೇ. ಅವಳ ಹೆಸರು ಅಲ್ಲಿ, ಹೊಟ್ಟೆ ಇಲ್ಲಿ.

ಬೇರೆ ಕಾರ್ಡ್ ಮಾಡಿಸಬಾರದಾ ಅಂತ ಕೇಳಿದೆ. ಮಾಡಿಸಲು ಇಲ್ಲಿಯ ವಿಳಾಸ ಬೇಕು. ಬಾಡಿಗೆ ಕಾಗದ ಕೊಡಲು ರೂಮಿನ ಯಜಮಾನರಿಗೆ ಮನಸ್ಸಿಲ್ಲ. ಅರ್ಜಿ ಹಿಡಿದು ಹೋದ ಕಡೆ ನಿಮ್ಮ ಊರಿಗೇ ಹೋಗಿ ಮಾಡಿಸಿ ಅಂದರಂತೆ. ಊರಿಗೆ ಹೋದರೆ ಒಂದು ದಿನದ ಸಂಬಳ ಹೋಯಿತು. ಹೋದ ದಿನ ಸರ್ವರ್ ಇರಲಿಲ್ಲ. ಇನ್ನೊಂದು ದಿನ ಹೋದಾಗ ಮೆಶಿನ್ ಹೆಬ್ಬೆಟ್ಟಿನ ಗುರುತು ಹಿಡಿಯಲಿಲ್ಲ. ಬೆರಳು ತೋರಿಸಿದಳು. ದಿನಾ ಒದ್ದೆ ಕಸ, ಬಕೆಟ್ಟಿನ ಅಂಚು. ಗೆರೆಗಳೆಲ್ಲ ಸವೆದು ತುದಿ ನುಣ್ಣಗಾಗಿದೆ. ಅವಳ ಅಮ್ಮನ ಬೆರಳೂ ಹೀಗೇ ಇತ್ತಂತೆ, ಬುಟ್ಟಿ ಹೆಣೆದು. ಕಾಡಿಂದ ಬೀಳು (ಬಳ್ಳಿ) ತಂದು, ಸಿಗಿದು, ದಿನಕ್ಕೆ ಎರಡು ಬುಟ್ಟಿ. ಪ್ಲಾಸ್ಟಿಕ್ ಬಂದ ಮೇಲೆ ಬುಟ್ಟಿ ಯಾರಿಗೂ ಬೇಡವಾಯಿತು, ಇವರು ಪೇಟೆಗೆ ಬಂದರು.

ಇಂದಿರಾ ಕ್ಯಾಂಟೀನ್ ಉಂಟಲ್ಲ ಅಂದೆ. "ಉಂಟು. 5 ರೂಪಾಯಿಗೆ ತಿಂಡಿ, 10ಕ್ಕೆ ಊಟ. ಅದು ಇದ್ದ ಕಾರಣ ತಿಂಗಳ ಕೊನೆ ದಾಟುದು. ಆದ್ರೆ ನಿನ್ನೆ ಮಕ್ಕಳಿಗೆ ಇರಲಿಲ್ಲ, ನಾನೊಬ್ಬಳು ಹೋಗಿ ಹೇಗೆ ತಿನ್ನುದು ಅಕ್ಕ?"

ಅಷ್ಟರಲ್ಲಿ ಹಾರ್ನ್ ಬಿತ್ತು. ಅನ್ನ ಬಿಸಿ ಮಾಡುವಷ್ಟೂ ಹೊತ್ತು ಸಿಗಲಿಲ್ಲ. ಬೆಳಿಗ್ಗೆ ತಂದ ಬಾಳೆಹಣ್ಣು ಹಾಗೆಯೇ ಇತ್ತು, ಚಿಪ್ಪು ತಂದು ಹಿಡಿದೆ. ಎರಡು ಮುರಿದುಕೊಂಡಳು. ಮಕ್ಕಳಿಗೆ ಅಂದಳು. ತಿನ್ನದೆ ಹೋದಳು.

ಸಂಜೆ ಅಮ್ಮನಿಗೆ ಫೋನ್ ಮಾಡಿ ಅಳುವ ಹಾಗಾಯಿತು. ಅಮ್ಮ ಎಲ್ಲ ಕೇಳಿ, ಆಟಿ ಅಂದರೆ ಇದೇ ಅಲ್ಲವಾ ಮಗಾ ಅಂದರು. ಅಮ್ಮನ ಕಾಲದ ಆಟಿಯಲ್ಲಿ ಕಣಜದ ಅಕ್ಕಿ ಮುಗಿದು ತಜಂಕ್, ತೇವು (ಕೆಸು), ಕಣಿಲೆ ಹುಡುಕಿಕೊಂಡು ಗುಡ್ಡ ಸುತ್ತುತ್ತಿದ್ದರು. ಬೇರೆ ಏನೂ ಇಲ್ಲದ್ದಕ್ಕೆ ತಿಂದದ್ದನ್ನು ನಾವು ಈಗ ಸ್ಟೀಲ್ ತಟ್ಟೆಯಲ್ಲಿ ಸಾಲಾಗಿ ಬಡಿಸಿ ಫೋಟೋ ತೆಗೆಯುತ್ತೇವೆ. ಕಾರ್ಯಕ್ರಮ ಬೇಡ ಅಂತ ನಾನು ಹೇಳುವುದಿಲ್ಲ. ಮಕ್ಕಳಿಗೆ ಆ ಸೊಪ್ಪುಗಳ ಗುರುತು ಬೇಕು, ಬಹಳ ಬೇಕು. ಆದರೆ ನಿನ್ನೆ ಭಾಷಣದಲ್ಲಿ "ಹಿಂದೆಲ್ಲ ಆಟಿಯಲ್ಲಿ ಹಸಿವು ಇತ್ತು" ಅಂದಾಗ ನಾವೆಲ್ಲ ತಲೆ ಆಡಿಸಿದೆವು. ಅದೇ ಹೊತ್ತಿಗೆ ಅವಳ ಮನೆಯಲ್ಲಿ ಒಲೆ ಹಚ್ಚಿರಲಿಲ್ಲ.

ಕಾಡಿನ ಗೆಣಸು ಈಗಲೂ ಸಿಗುತ್ತದಾ ಅಂತ ಕೇಳಿದ್ದೆ. ಅವಳಿಗೆ ಗೊತ್ತಿಲ್ಲ. ಅಜ್ಜಿಗೆ ಬಳ್ಳಿ ನೋಡಿದರೆ ಅಡಿಯಲ್ಲಿ ಗೆಡ್ಡೆ ಎಷ್ಟು ದೊಡ್ಡದು ಅಂತ ಹೇಳಲು ಬರುತ್ತಿತ್ತಂತೆ. ಇವಳಿಗೆ ಬಳ್ಳಿಯೇ ಗೊತ್ತಿಲ್ಲ.

ನಮ್ಮ ಮನೆಯವರು ರಾತ್ರಿ ಜನಗಣತಿ ಹುಡುಕಿ ಕೊಟ್ಟರು. 2001ರಲ್ಲಿ ಕರ್ನಾಟಕದಲ್ಲಿ ಕೊರಗರು 16,071. 2011ರಲ್ಲಿ 14,794. ಒಟ್ಟು ಜನಸಂಖ್ಯೆ ಏರುವ ದೇಶದಲ್ಲಿ ಇವರದ್ದು ಇಳಿದಿದೆ. ಕೊರಗರ ಸ್ಥಿತಿಯ ಬಗ್ಗೆ ಸರ್ಕಾರಕ್ಕೆ ಕೊಟ್ಟ ಮಹಮ್ಮದ್ ಪೀರ್ ವರದಿ ಕುಟುಂಬಕ್ಕೆ ಎರಡೂವರೆ ಎಕರೆ ಭೂಮಿ ಕೊಡಿ ಅಂದು ಮೂವತ್ತು ವರ್ಷ ದಾಟಿತು. ಮುಂದಿನ ಸೋಮವಾರ ಆಗಸ್ಟ್ 18, ಕೊರಗರ ಭೂಮಿ ಹಬ್ಬ. ಹೋಗ್ತಿಯಾ ಅಂತ ಕೇಳಿದ್ದಕ್ಕೆ ರಜೆ ಹಾಕಿದ್ರೆ ಸಂಬಳ ಕಟ್ ಅಂದಿದ್ದಳು.

ಮರೆಯುವ ಮೊದಲು ಇದನ್ನೂ ಬರೆಯಬೇಕು. ಅವಳ ಮಕ್ಕಳಿಗೆ ಹೊಟ್ಟೆ ತುಂಬುವ ಊಟ ಶಾಲೆಯ ಬಿಸಿಯೂಟ. ಆದ್ದರಿಂದ ಅವಳಿಗೆ ಭಾನುವಾರ ಅಂದರೆ ಹೆದರಿಕೆ. ಅದಕ್ಕಿಂತ ಹೆಚ್ಚು ಹೆದರಿಕೆ ಮಳೆಯ ರಜೆ. ಭಾನುವಾರ ಆದ್ರೆ ಮೊದಲೇ ಗೊತ್ತಿರ್ತದೆ ಅಕ್ಕ, ಸ್ವಲ್ಪ ಅಕ್ಕಿ ಎತ್ತಿಡಬಹುದು, ಡಿಸಿ ರಜೆ ಕೊಟ್ಟದ್ದು ಬೆಳಿಗ್ಗೆ ಎದ್ದ ಮೇಲೆ ಗೊತ್ತಾಗುದು ಅಂದಳು. ಈ ಮಳೆಗಾಲದಲ್ಲಿ ಎಷ್ಟು ರಜೆ ಆಯಿತು, ಪ್ರತಿ ಸಲ ನಮ್ಮ ಮನೆಯಲ್ಲಿ ಎಷ್ಟು ಖುಷಿ, ಎಷ್ಟು ಪೋಡಿ ಕರಿದೆ.

ಒಂಬತ್ತಕ್ಕೆ ಚಿಕ್ಕವ ಕಿಟಕಿಯ ಹತ್ತಿರ ನಿಂತು ಕೈ ಮುಗಿಯುತ್ತಿದ್ದ. ಎಂತ ಅಂತ ಕೇಳಿದೆ. ನಾಳೆ ರಜೆ ಸಿಕ್ಕಿದ್ರೆ ಕೊರಗಜ್ಜನಿಗೆ ಒಂದು ಪ್ಯಾಕೆಟ್ ಚಕ್ಕುಲಿ ಅಂತ ಹರಕೆ ಹೇಳಿಕೊಂಡಿದ್ದಾನೆ, ಕೊರಗರ ಕುಲದಲ್ಲಿ ಹುಟ್ಟಿ ದೈವವಾದ ಅಜ್ಜನಿಗೆ. ನಾನೇ ಕಲಿಸಿದ್ದು. ಕಿವಿಯ ಓಲೆ ಕಳೆದುಹೋಗಿದ್ದಾಗ ನಾನೂ ಅಜ್ಜನಿಗೆ ಚಕ್ಕುಲಿ, ವೀಳ್ಯ ಅಂತ ಹೇಳಿಕೊಂಡು, ಓಲೆ ಸಿಕ್ಕಿ, ಅವನನ್ನೂ ಕರೆದುಕೊಂಡು ಹೋಗಿ ಇಟ್ಟು ಬಂದಿದ್ದೆ. ಅಜ್ಜನನ್ನು ನಾನು ಮನಸಾರೆ ನಂಬುತ್ತೇನೆ. ಅಜ್ಜನ ಮಕ್ಕಳು ನಾಳೆ ರಜೆ ಆಗಬಾರದು ಅಂತ ಕೈ ಮುಗಿಯುತ್ತಿರಬಹುದು ಅಂತ ಅವನಿಗೆ ಹೇಳಲು ಬಾಯಿ ಬರಲಿಲ್ಲ. ಮಲಗು ಅಂದೆ.

ಮಳೆ ನಿಲ್ಲುವ ಲಕ್ಷಣ ಇಲ್ಲ. ಹೊರಗೆ ಚರಂಡಿ ತುಂಬಿ ಹರಿಯುವ ಸದ್ದು. ರಜೆಯಾದರೂ ಅವಳ ಗಾಡಿ ಬಂದೇ ಬರುತ್ತದೆ, ಮಕ್ಕಳಿಬ್ಬರೇ ರೂಮಿನಲ್ಲಿ. ಮನೆಯಲ್ಲಿ ಅಕ್ಕಿ ಎಷ್ಟು ಉಂಟು ಅಂತ ನಾನು ಕೇಳಲೇ ಇಲ್ಲ. ಬೆಳಿಗ್ಗೆ ಮೊದಲು ಅದನ್ನು ಕೇಳಬೇಕು. ಕುಚ್ಚಲಕ್ಕಿ ಈಗಲೇ ನೆನೆಹಾಕಿದ್ದೇನೆ, ಅವರು ಮೂವರಿಗೂ ಸೇರಿಸಿ. ನಾವು ಉಣ್ಣುವ ಮೊದಲೇ ಬಡಿಸಿದ್ದಾದರೆ ತೆಗೆದುಕೊಂಡಾಳು. ಆಮೇಲೆ ರೂಮಿನ ಯಜಮಾನರ ನಂಬರ್. ಬಾಡಿಗೆ ಕಾಗದಕ್ಕೆ ಛಾಪಾಕಾಗದ ನಾವೇ ತರುತ್ತೇವೆ ಅಂತ ಹೇಳಿದರೆ ಒಪ್ಪಬಹುದಾ, ಅಥವಾ ನಾನು ಮಾತಾಡಿದ್ದಕ್ಕೇ ಸಿಟ್ಟಾಗಿ ಅವಳನ್ನು ಅಲ್ಲಿಂದ ಓಡಿಸಿದರೆ?